ಹನ್ನೆರಡು ಕುದುರೆಗಳಿಗೆ ದಾರಿ

ಕಲ್ಲುಗುಟ್ಟಹಳ್ಳಿ
ಬಂಗಾರಪೇಟೆ ತಾಲ್ಲೂಕು
೯ ಡಿಸೆಂಬರ್ ೨೦೨೫, ಮಂಗಳವಾರ

ಮುದ್ದಿನ ಮೊಮ್ಮಗಳು ಸಹನಾಳಿಗೆ,

ಹೇಗಿದ್ದೀಯಮ್ಮ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೆ? ನಂದಿಬೆಟ್ಟದ ಕಡೆಯ ಚಳಿ ನಮ್ಮ ಚಳಿಯಂತಲ್ಲ. ಬೆಳಗ್ಗೆ ಲಾಯ ತೊಳೆಯುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಕುದುರೆಗಳಿಗೆಲ್ಲ ಕಂಬಳಿ ಹೊದಿಸುವವಳು ತಾನೂ ಒಂದು ಹೊದ್ದುಕೊಂಡರೆ ಯಾರೂ ಬೈಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಮ್ಮ ಕಲಾಳ ಸೀಮೆಹಸು ಕರು ಹಾಕಿದೆ, ಹೆಣ್ಣುಗರು. ರಾಗಿ ಕೊಯ್ದು ಮೆದೆ ಒಟ್ಟಿದ್ದಾಯಿತು. ನಿಮ್ಮಪ್ಪ ಕಾಂತರಾಜ ಎಂದಿನಂತೆ ಬೆಳಗಿನ ಟ್ರೈನಿಗೆ ಮಾಲೂರಿನ ಕಾರ್ಖಾನೆಗೆ ಹೋಗಿ ಸಂಜೆ ಬರುತ್ತಾನೆ. ನಿನ್ನ ವಿಷಯ ಬಂದರೆ ಈಗಲೂ "ಕುದ್ರೆ ಲದ್ದಿ ಬಾಚಕ್ಕೆ ಡಿಗ್ರಿ ಓದ್ಬೇಕಾಗಿತ್ತಾ" ಎಂದು ಮುಖ ತಿರುಗಿಸುತ್ತಾನೆ. ಆದರೆ ಮೊನ್ನೆ ಭಾನುವಾರ, ನೀನು ಕುದುರೆಯ ಮೇಲೆ ಕೂತಿರುವ ಫೋಟೋವನ್ನು ನಿಮ್ಮಮ್ಮನ ಫೋನಿನಲ್ಲಿ ಮೂರು ಸಲ ದೊಡ್ಡದು ಮಾಡಿ ನೋಡಿದ. ನಾನು ಕಂಡಿಲ್ಲ ಅಂದುಕೊಂಡಿದ್ದಾನೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನು "ತಾತ, ಬೇಗ ಹೇಳು" ಅನ್ನುತ್ತೀಯ, ನನಗೆ ಬೇಗ ಹೇಳಲು ಬರುವುದಿಲ್ಲ. ಅದೂ ಅಲ್ಲದೆ ಫೋನು ನಿಮ್ಮಮ್ಮನದು, ಮಾತಾಡುವಾಗ ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಕಾಗದವಾದರೆ ನಿಧಾನವಾಗಿ, ತಪ್ಪಾದದ್ದನ್ನು ಹೊಡೆದುಹಾಕಿ ಬರೆಯಬಹುದು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ. ನನ್ನ ತಲೆ ಅಷ್ಟು ಕೆಟ್ಟಿದೆ.

ನೀನು ಹೇಳಿದ್ದು ನನಗೆ ಅರ್ಥವಾಗಿರುವುದು ಇಷ್ಟು, ತಪ್ಪಿದ್ದರೆ ತಿದ್ದು. ನಿಮ್ಮ ಸವಾರಿ ಶಾಲೆಯವರು ಸಂಕ್ರಾಂತಿ ಕಳೆದ ಶನಿವಾರ ಹನ್ನೆರಡು ಕುದುರೆಗಳನ್ನು ಲಾರಿಯಲ್ಲಿ ಬಂಗಾರಪೇಟೆಗೆ ತಂದು, ಅಲ್ಲಿಂದ ಸವಾರಿ ಮಾಡಿಕೊಂಡು ನಮ್ಮೂರ ಮೇಲೆ ಚಿನ್ನದ ಗಣಿಯ ನಂದಿದುರ್ಗದ ಲೈನುಗಳಿಗೆ, ಅದೇ ಆ ಗಣಿ ಕೂಲಿಯವರ ಸಾಲುಮನೆಗಳಿಗೆ ಹೋಗಿ, ಮಾರಿಕುಪ್ಪಂನಲ್ಲಿ ನಿಲ್ಲಿಸಬೇಕು. ಟಾರು ರಸ್ತೆ ಕೂಡದು, ಲಾಳ ಜಾರುತ್ತದೆ. ಎರಡು ಗಂಟೆಗೊಂದು ಸಲ ಒಳ್ಳೆಯ ನೀರು ಬೇಕು. ಮುಳ್ಳುತಂತಿ ಇರಬಾರದು. ಆ ದಾರಿಯನ್ನು ನೀನು ಗೆರೆ ಎಳೆದು ಫೋನಿಗೆ ಹಾಕಿದರೆ, ಎಲ್ಲೆಲ್ಲಿಯೋ ಇರುವ ಕುದುರೆಯವರು ಅದನ್ನು ನೋಡಿಕೊಂಡು ಮುಂದೆಯೂ ಬರಬಹುದು. ಈ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ನೀನು ದಾರಿ ತೋರಿಸಿದರೆ ಆ ಹನ್ನೆರಡು ಕುದುರೆಗಳ ಮುಂದೆ ಹೋಗುವವಳು ನೀನು. ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ, ನೀನು ಲಾಯದಲ್ಲಿಯೇ ಇರಬೇಕು. "ನಮ್ಮೂರ ದಾರಿ ನನ್ ತಾತನಿಗೆ ಗೊತ್ತಿಲ್ದಂಗೆ ಇರ್ತದಾ" ಎಂದು ನಿಮ್ಮ ಯಜಮಾನರ ಮುಂದೆ ಹೇಳಿಬಿಟ್ಟಿದ್ದೀಯ. ಅದನ್ನು ಕೇಳಿದಾಗ ನನಗೆ ಎದೆ ಉಬ್ಬಿದ್ದು ನಿಜ. ಈಗ ಆ ಮಾತೇ ನಿದ್ದೆ ಕೆಡಿಸಿದೆ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ನಾನು ಎತ್ತಿನ ಗಾಡಿಯಲ್ಲಿ ಸೊಪ್ಪು, ಅವರೆಕಾಯಿ, ಬದನೆ ಹೇರಿಕೊಂಡು ನಂದಿದುರ್ಗದ ಲೈನುಗಳಿಗೆ ಹೋಗುತ್ತಿದ್ದೆ. ನೀನು ಹುಟ್ಟುವುದಕ್ಕೆ ಮೊದಲಿನ ಮಾತು. ಆಗ ಊರ ಅರಳಿಮರದಿಂದ ಲೈನಿನ ತನಕ ನೆಟ್ಟಗೆ ಒಂದು ಬಂಡಿದಾರಿ ಇತ್ತು. ಎರಡು ಗಾಡಿ ಎದುರುಬದುರಾದರೂ ಯಾರೂ ಇಳಿಯಬೇಕಾಗಿರಲಿಲ್ಲ. ಗಣಿ ಮುಚ್ಚಿತು, ಲೈನಿನವರು ಬೆಂಗಳೂರಿನ ಟ್ರೈನು ಹತ್ತಿದರು, ಗಾಡಿಯೂ ನಿಂತಿತು. ಆ ದಾರಿ ಏನಾಯಿತು ಎಂದು ಕೇಳಿದರೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಮೊದಲು ಕೋದಂಡಪ್ಪನನ್ನು ಕೇಳಿದೆ. ಅವನ ಹೊಲ ನಮ್ಮದಕ್ಕೆ ಅಂಟಿಕೊಂಡೇ ಇದೆಯಲ್ಲ. "ನಮ್ಮೊಲ್ದಾಗೆ ಯಾವ್ ದಾರಿ ಇತ್ತಣ್ಣಾ? ಗಾಡಿ ಓಗ್ತಿದ್ದಿದ್ದು ಮಂಗಮ್ಮನ್ ಒಲದ ಮ್ಯಾಲೆ. ಓಗಿ ಅವಳ್ನ ಕೇಳು" ಎಂದ. ಮಂಗಮ್ಮನ ಹತ್ತಿರ ಹೋದೆ. ಅವಳು ಅವರೆಕಾಯಿ ಕೀಳುತ್ತಿದ್ದವಳು ಮಡಿಲು ಬಿಗಿ ಹಿಡಿದುಕೊಂಡೇ ನಿಂತಳು. "ನಮ್ಮದ್ರಾಗೆ ಕಾಲ್ದಾರೀನೂ ಇಲ್ಲ ಮಾವಾ. ದಾರಿ ಇದ್ದಿದ್ದು ಕೋದಂಡಪ್ಪನ್ ಕಡೆ" ಎಂದಳು. ಆಮೇಲೆ ದನಿ ಇಳಿಸಿ, "ಸರ್ವೆ ಮಾಡಾಕೆ ಈಗ ಕುದ್ರೆ ಮೇಲೆ ಬತ್ತಾರಾ?" ಎಂದು ಕೇಳಿದಳು. ಸರ್ವೆ ಅಲ್ಲ ತಾಯಿ, ನಮ್ಮ ಸಹನ ಬರುತ್ತಾಳೆ ಎಂದೆ. ನಂಬಲಿಲ್ಲ. ಮಾರನೆಯ ದಿನ ಡೇರಿಗೆ ಹಾಲು ಹಾಕಲು ಹೋದಾಗ ಕ್ಯೂನಲ್ಲಿದ್ದ ಐದಾರು ಜನ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಹುಟ್ಟಿದಾಗಿನಿಂದ ಈ ಊರಿನಲ್ಲಿರುವ ನನಗೆ ಎಲ್ಲರೂ ಬಹಳ ಮರ್ಯಾದೆಯಿಂದ ದಾರಿ ತೋರಿಸುತ್ತಾರೆ, ಆದರೆ ಒಬ್ಬೊಬ್ಬರು ತೋರಿಸುವುದೂ ಪಕ್ಕದವರ ಹೊಲವನ್ನು. ಹಾಗೆ ಕೇಳುತ್ತಾ ಹೋದರೆ ಊರು ಒಂದು ಸುತ್ತು ಬಂದು ಮತ್ತೆ ಅರಳಿಮರದ ಕೆಳಗೇ ನಿಲ್ಲುತ್ತೇನೆ.

ಅದಕ್ಕೇ ಹೋದ ಬುಧವಾರ ನಾನೇ ನಡೆದೆ. ನೀನು ಹೇಳಿಕೊಟ್ಟಂತೆ ನಿಮ್ಮಮ್ಮ ಫೋನನ್ನು ಅದೇನೋ ಒತ್ತಿ ನನ್ನ ಅಂಗಿಯ ಜೇಬಿಗೆ ಹಾಕಿ, ಮೇಲೊಂದು ಪಿನ್ನು ಚುಚ್ಚಿದಳು. ನಾನು ನಡೆದಷ್ಟೂ ಗೆರೆ ಬೀಳುತ್ತದಂತೆ. ಅರಳಿಮರದಿಂದ ಹೊರಟು ಕೊರಕಲಿಗೆ ಇಳಿದೆ. ಅಲ್ಲಿ ಲಂಟಾನ ಬೆಳೆದು ಆಕಾಶವೇ ಕಾಣುವುದಿಲ್ಲ. ಹತ್ತಿ ಬಂದರೆ ಮಂಗಮ್ಮನ ಬಾವಿ. ಅದನ್ನು ಸುತ್ತಿ ಮುಂದೆ ಹೋದರೆ ಮುಳ್ಳುತಂತಿ. ತಿರುಗಿ ಬಂದರೆ ಮತ್ತೆ ಅದೇ ಬಾವಿ. ಅಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡೆ, ನಾಯಿ ಅಟ್ಟಿಸಿಕೊಂಡು ಬಂತು, ಓಡಿದೆ. ಓಡಿದ್ದಕ್ಕೂ ಗೆರೆ ಬಿದ್ದಿದೆ! ಕೊನೆಗೆ ಹೇಗೋ ಟಾರು ರಸ್ತೆ ಸೇರಿ ಬಸ್ಸು ಹತ್ತಿದೆ. ಮನೆಗೆ ಬಂದಾಗ ಫೋನು ಹದಿನಾಲ್ಕು ಕಿಲೋಮೀಟರು ನಡೆದಿದ್ದೀಯ ಎಂದಿತು. ಗೆರೆ ನೋಡಿದರೆ ಬೆಕ್ಕು ಆಡಿಬಿಟ್ಟ ದಾರದ ಉಂಡೆ. ಅದನ್ನೇ ನಿಮ್ಮಮ್ಮ ನಿನಗೆ ಕಳಿಸಿದಳು. ನೀನು ನಗಬಹುದು ಅಂದುಕೊಂಡಿದ್ದೆ. ಬದಲಿಗೆ "ತಾತ ಹೇಳಿದರೆ ಮುಗಿಯಿತು, ಇದನ್ನೇ ಹಾಕುತ್ತೇನೆ" ಎಂದು ಬರೆದೆಯಂತೆ. ಅವತ್ತಿನಿಂದ ಊಟ ಸೇರುತ್ತಿಲ್ಲ.

ನಿನ್ನೆ ಸೋಮವಾರ ಇನ್ನೊಂದು ತುದಿಯಿಂದ ಕೇಳೋಣವೆಂದು ನಂದಿದುರ್ಗಕ್ಕೆ ಹೋದೆ. ನನ್ನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದವರಲ್ಲಿ ಪೆದ್ದಮ್ಮ ಒಬ್ಬಳು ಇನ್ನೂ ಅದೇ ಲೈನುಮನೆಯಲ್ಲಿದ್ದಾಳೆ. ಗಂಡ ಗಣಿಯಲ್ಲಿ ಇಳಿಯುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಯಿತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದು ಕಾಫಿ ಕೊಟ್ಟಳು. ಅವಳ ಒಂದು ಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇರುತ್ತವೆ, ನನಗೆ ಮೂರೂ ಅರ್ಥವಾಗುತ್ತವೆ. ಕುದುರೆಯ ವಿಷಯ ಹೇಳಿದರೆ ಹುಬ್ಬು ಕೂಡ ಎತ್ತಲಿಲ್ಲ. "ಆ ಮಣ್ಗುಡ್ಡದ್ ಕೆಳ್ಗಿನ ತಣ್ಣಿ ಮಾತ್ರ ಕುಡಿಸ್ಬೇಡ್ರಿ. ನಮ್ ವಾಸಲ್ ಮುಂದೆ ನಲ್ಲಿ ಅದೆ, ನಾನೇ ತೊಟ್ಟಿ ತುಂಬ್ಸಿ ಇಡ್ತೀನಿ" ಎಂದಳು. ಗಣಿಯಿಂದ ತೆಗೆದು ಸುರಿದ ಆ ಮಣ್ಣಿನಲ್ಲಿ ವಿಷವಿದೆ. ಅವಳ ಬಾಗಿಲ ಮುಂದಿನ ನಲ್ಲಿಯನ್ನು ಗುರುತು ಹಾಕಿಕೋ, ನೀರಿನ ಜಾಗ ಸಿಕ್ಕಿತು. ಆಮೇಲೆ ಅವಳನ್ನೂ ಕೇಳಿದೆ, ನಮ್ಮೂರಿಗೆ ದಾರಿ ಯಾವುದು ಎಂದು. ಆ ಮುದುಕಿ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಎನ್ನಾ ನಾರಾಯಣಪ್ಪಾ, ನಿನ್ ಗಾಡಿ ಬತ್ತಿದ್ದ ದಾರೀನ ನನ್ ಕೇಳ್ತೀಯಲ್ಲಾ?"

ಕಾಫಿ ಕುಡಿದು ಬಸ್ಸಿಗೆ ಬಂದೆ. ಬಸ್ಸಿನ ತುಂಬ ಅದೇ ನಗು ಕೇಳಿಸುತ್ತಿತ್ತು.

ಆದ್ದರಿಂದ ಸಹನಾ, ನಿನಗೆ ಯಾವ ದಾರಿ ಬರೆಯಬೇಕೋ ಗೊತ್ತಾಗುತ್ತಿಲ್ಲ. ಕೋದಂಡಪ್ಪನದು ಒಂದು, ಮಂಗಮ್ಮನದು ಒಂದು, ಫೋನಿನದು ಒಂದು. ಟಾರು ರಸ್ತೆಯಲ್ಲೇ ನಿಧಾನವಾಗಿ ಬಂದರೆ ಆಗುವುದಿಲ್ಲವೆ? ಬಂಗಾರಪೇಟೆ ಸ್ಟೇಷನ್ನಿನ ಮುಂದಿನ ಜಟಕಾ ಕುದುರೆಗಳೆಲ್ಲ ಟಾರಿನ ಮೇಲೆಯೇ ಬದುಕಿದವು. ಆದರೆ ನೀವು ಓದಿದವರು, ನಿಮ್ಮ ಕುದುರೆಗಳೂ ಓದಿದವು, ನಾನು ಏನು ಹೇಳಲಿ. ನಿಮ್ಮ ಯಜಮಾನರಿಗೆ ಇನ್ನೊಂದು ತಿಂಗಳು ಕಾಯಲು ಹೇಳಿ ನೋಡು.

ನಿಮ್ಮಮ್ಮ ಹುರಿಗಾಳು, ಹಿತಕಿದ ಬೇಳೆ ಕಟ್ಟಿಟ್ಟಿದ್ದಾಳೆ, ಬಂದಾಗ ಕೊಡುತ್ತಾಳಂತೆ. ಹೊಸ ಕರುವಿಗೆ ನೀನೇ ಹೆಸರಿಡಬೇಕಂತೆ. ಹೊತ್ತು ಹೊತ್ತಿಗೆ ಉಣ್ಣು. ಯಾವ ಕುದುರೆಯ ಹಿಂದೆಯೂ ಸುಮ್ಮನೆ ಹೋಗಿ ನಿಲ್ಲಬೇಡ. ನೀನು ಹೋದ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ.

ನಿನ್ನ ತಾತ,
ಮುನಿನಾರಾಯಣಪ್ಪ

ತಾ.ಕ.: ಕಾಗದ ಮಡಿಸಿ ಪೋಸ್ಟಿಗೆಂದು ಬಂಗಾರಪೇಟೆಗೆ ಬಂದವನು, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ದಾರಿ ನನಗೆ ಗೊತ್ತು. ಅರಳಿಮರದಿಂದ ನೆಟ್ಟಗೆ ಬಂದರೆ ಮೊದಲು ಸಿಗುವುದು ನಮ್ಮ ಹೊಲ. ನಿಮ್ಮಪ್ಪ ಹಿಪ್ಪುನೇರಳೆ ನೆಟ್ಟಿರುವ ಪೂರ್ವದ ಮೂರು ಸಾಲು ಇದೆಯಲ್ಲ, ಅದೇ ಬಂಡಿದಾರಿ. ಗಣಿ ಮುಚ್ಚಿದ ಮರುವರ್ಷ ಅದನ್ನು ಉತ್ತು ರಾಗಿ ಚೆಲ್ಲಿದವನು ನಾನು. ಮೊದಲು ಉತ್ತವನೂ ನಾನೇ. ನನ್ನನ್ನು ನೋಡಿ ಕೋದಂಡಪ್ಪ ಅವನ ತುಂಡು ಉತ್ತ, ಅವನನ್ನು ನೋಡಿ ಮಂಗಮ್ಮನ ಗಂಡ. ಹಾಗೆ ಲೈನಿನ ತನಕ ಎಲ್ಲರೂ ಒಂದೊಂದು ತುಂಡು ತಿಂದುಬಿಟ್ಟೆವು. ಬುಧವಾರ ಜೇಬಿನಲ್ಲಿ ಫೋನಿದ್ದಾಗಲೂ ನಮ್ಮ ಹೊಲದ ಮೇಲೆ ಕಾಲಿಡಲಾರದೆ ಕೊರಕಲಿಗೆ ಇಳಿದೆ. ಆ ಗೆರೆ ಅಳಿಸಿಬಿಡು ತಾಯಿ. ಆ ಕೊರಕಲಿಗೆ ಕುದುರೆ ಇಳಿಸಿದರೆ ಕಾಲು ಮುರಿಯುತ್ತದೆ, ನಿನ್ನದೋ ಅದರದೋ. ಹೊರಡುವಾಗ ಟ್ರಂಕಿನಿಂದ ತೆಗೆದುಕೊಂಡು ಬಂದ ಊರಿನ ನಕಾಶೆಯನ್ನು ಇಲ್ಲಿ ಜೆರಾಕ್ಸ್ ಮಾಡಿಸಿ ಇದರಲ್ಲಿ ಇಟ್ಟಿದ್ದೇನೆ, ಬಂಡಿದಾರಿ ಚುಕ್ಕೆ ಗೆರೆಯಲ್ಲಿದೆ. ಅದರಂತೆ ಎಳೆದು, ನಮ್ಮ ಹೊಲವನ್ನೇ ಮೊದಲು ಹಾಕಿ, ಎಲ್ಲರಿಗೂ ಕಾಣುವ ಹಾಗೆ ಕಳಿಸು. ನಮ್ಮೂರ ಡೇರಿಯವರ ಗ್ರೂಪಿಗೂ ಕಳಿಸು. ನಾನು ತೆರೆದರೆ ಅವರು ಬಾಯಿ ಮುಚ್ಚಿಕೊಂಡು ತೆರೆಯುತ್ತಾರೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಅವನ ಮುಖ ನೋಡಿದರೆ ನಾನು ಮಾತು ಬದಲಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಊರೆಲ್ಲ ನೋಡಿದ ಮೇಲೆ ಬದಲಿಸಲು ಆಗುವುದಿಲ್ಲ. ಅದಕ್ಕೇ, ಕಾಗದ ಕೈಗೆ ಸಿಕ್ಕ ದಿನವೇ ಹಾಕು, ನನ್ನನ್ನು ಇನ್ನೊಂದು ಸಲ ಕೇಳಬೇಡ.