ಗ್ರೌಂಡ್ ಎಂದರೆ ನೆಲ

ಪ್ರೀತಿಯ ಮೊಲಿಕಾ,

ಹಾಗಾಗಿ ತಪ್ಪು ನನ್ನದೇ. ನಿನ್ನೆ ನಿನಗೆ ಇಷ್ಟು ಹೇಳುವಷ್ಟರಲ್ಲಿ ಪಕ್ಕದ ಮನೆಯವರು ಮೀನಿನ ಸಾರು ತಂದುಕೊಟ್ಟರು, ಮಾತು ನಿಂತಿತು. ನೀನು ತೀರಿಕೊಂಡು ಹದಿನಾಲ್ಕು ತಿಂಗಳಾದರೂ ನನ್ನ ಮಾತು ಮುಗಿದಿಲ್ಲ ನೋಡು.

ಬಟ್ಟಂಬಾಂಗಿನ ನರ್ಸಿಂಗ್ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ನೀನು ಕಲಿಸಿದ ಪಾಠಗಳ ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಈಗ ನಿನ್ನ ಜಾಗದಲ್ಲಿರುವವಳು ನಿನ್ನ ಶಿಷ್ಯೆ ನಿಮೊಲ್. ಕರಡು ತಂದವಳು, "ತಾತ, ಹನ್ನೆರಡನೇ ಪುಟದಲ್ಲಿ ಟೀಚರ್ ಒಂದು ಪದ ತಪ್ಪು ಬರ್ದಿದ್ದಾರೆ. ಹೊರಗಿನವರು ಓದಿದ್ರೆ ನಗ್ತಾರೆ. ತಿದ್ದಿಬಿಡ್ಲಾ?" ಎಂದಳು. ನಾಳೆ ಬೆಳಿಗ್ಗೆ ಉತ್ತರ ಬೇಕಂತೆ.

ಟೀಚರ್ ತಪ್ಪಂತೆ! ನಿನ್ನ ಇಂಗ್ಲಿಷ್ ಟಿಪ್ಪಣಿಗಳನ್ನು ಖಮೇರ್ ಭಾಷೆಗೆ ಇಳಿಸಿದವನು ನಾನು, ಎರಡೇ ವರ್ಷದ ಕಾಲೇಜು ಇಂಗ್ಲಿಷಿನ ಜಂಬದಲ್ಲಿ. ಹಳೆಯ ಭಯ ಮರುಕಳಿಸಿ, ಎದುರಿಗೇ ಇದ್ದೂ ಮನಸ್ಸು ಎಲ್ಲೋ ಹೊರಟುಹೋದವರನ್ನು ಈ ಹೊತ್ತಿಗೆ, ಈ ಕೋಣೆಗೆ ವಾಪಸು ಕರೆತರುವುದಕ್ಕೆ ನೀನು ಗ್ರೌಂಡಿಂಗ್ ಅನ್ನುತ್ತಿದ್ದೆ. ಗ್ರೌಂಡ್ ಎಂದರೆ ನೆಲ ತಾನೇ? "ರೋಗಿಯ ಮುಂದೆ ನೆಲದ ಮೇಲೆ ಕುಳಿತುಕೊಳ್ಳಿ" ಎಂದು ಬರೆದುಬಿಟ್ಟೆ.

ನೀನು ವಾರ್ಡಿಗೆ ಹೋದರೆ ಹನ್ನೊಂದು ಹುಡುಗಿಯರು ಪಗೋಡದಲ್ಲಿ ಕೂತ ಹಾಗೆ ಕಾಲು ಪಕ್ಕಕ್ಕೆ ಮಡಿಸಿಕೊಂಡು ನೆಲದ ಮೇಲೆ! "ಏನಮ್ಮ ಇದು, ಆಸ್ಪತ್ರೆಯೋ ಪಿಕ್ನಿಕ್ಕೋ?" ಎಂದು ಮುಖ್ಯಸ್ಥರು ರೇಗಿದರಂತೆ. "ನಾನೇ ಹೇಳಿದ್ದು ಸಾರ್" ಎಂದೆಯಂತೆ ನೀನು. ಮನೆಗೆ ಬಂದು, "ರೀ, ನಿಮ್ಮ ಇಂಗ್ಲಿಷಿಗಿಷ್ಟು ಬೆಂಕಿ ಹಾಕ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆದರೆ ತಿದ್ದಲಿಲ್ಲ. ಅದೇ ದಿನ ವಾರ್ಡಿನಲ್ಲಿದ್ದ ರೋಗಿ ರೆನ್ ಅಜ್ಜಿ ನೆಲಕ್ಕೆ ಕೂತ ಹುಡುಗಿಯನ್ನೇ ದಿಟ್ಟಿಸಿ, "ಏಳೇ ಕೂಸೇ, ನೆಲ ತಣ್ಣಗಿದೆ, ಸೊಂಟ ಹಿಡ್ಕೊಳ್ಳುತ್ತೆ" ಎಂದು ಗದರಿದ್ದಳು. ಒಂದು ವಾರದಿಂದ ಮನಸ್ಸಿನಲ್ಲಿ ಒಂಬತ್ತು ವರ್ಷದ ಮಗುವಾಗಿ, ಆ ಕೆಟ್ಟ ಕಾಲದ ಬಲವಂತದ ದುಡಿಮೆಯ ಶಿಬಿರದಲ್ಲೇ ಸಿಕ್ಕಿಕೊಂಡಿದ್ದವಳು ಬೇರೆಯವರ ಸೊಂಟದ ಚಿಂತೆಗೆ ವಾಪಸು ಬಂದಿದ್ದಳು. ಎದುರಿಗೆ ಎತ್ತರಕ್ಕೆ ನಿಂತವರೆಲ್ಲ ಅವಳಿಗೆ ಶಿಬಿರದ ಕಾವಲುಗಾರರೇ. ಹಿರಿಯರಿಗಿಂತ ತಗ್ಗಿ ಕೂರಬೇಕೆಂದು ನಮಗೆ ಹುಟ್ಟಿನಿಂದ ಗೊತ್ತು, ವಾರ್ಡಿನಲ್ಲಿ ಮಾತ್ರ ಮರೆತಿದ್ದೆವು ಎಂದೆ ನೀನು. ಆ ಹುಡುಗಿ ನಿಮೊಲ್ ಅಲ್ಲ. ಅವಳು ಸೇರಿದ್ದು ಆಮೇಲೆ.

ಇನ್ನೊಂದು ಹೇಳಬೇಕು. ನೀನು ಹೋದ ಮೂರನೇ ತಿಂಗಳು ಕೆಟಲ್ಲಿನ ನೀರು ಬತ್ತಿ ತಳ ಸೀದರೂ ನಾನು ಪಕ್ಕದಲ್ಲೇ ನಿಂತಿದ್ದೆ, ಗೊತ್ತೇ ಆಗಲಿಲ್ಲ. ಎಚ್ಚರವಾದಾಗ ನೆಲಕ್ಕೆ ಕೂತು ಅಂಗೈ ಊರಿದೆ. ತಣ್ಣಗಿತ್ತು. ಅಂದಿನಿಂದ ಸಂಜೆ ಸಂಜೆ ಇಲ್ಲೇ ಕೂರುತ್ತೇನೆ. ಇದನ್ನೂ ಇಲ್ಲೇ ಕೂತು ಬರೆಯುತ್ತಿರುವುದು.

ಪದ ತಿದ್ದುವುದು ಬೇಡ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಇದು ಟೀಚರ್ ತಪ್ಪಲ್ಲ, ಅವರ ಗಂಡನದು. ಆದರೂ ಕುಳಿತುಕೊಳ್ಳಿ." ನಗುವವರು ಇನ್ನು ನನ್ನನ್ನು ನೋಡಿ ನಗಲಿ.

ಅಕ್ಷರ ಮಸುಕಾಗುತ್ತಿದೆ. ಕಣ್ಣು ಎಂದುಕೊಂಡೆ, ಅಲ್ಲ, ಬೆಳಕು ಹೋಗುತ್ತಿದೆ.

ನೀನಿರುವ ಕಡೆಯೂ ಕೂರಲು ತಣ್ಣನೆಯ ನೆಲವಿರಲಿ.

ನಿನ್ನ,
ಸಾರೂನ್