ಗವರ್ನರು ಕೊಂಡೊಯ್ದ ತಿಮಿಂಗಿಲದ ಹಲ್ಲು

ಲಂಡನ್ನಿನಲ್ಲಿ ಕೂತು ವಸಾಹತುಗಳನ್ನು ಆಳುವ ಮಂತ್ರಿಗಳೇ,

ಫಿಜಿಯಿಂದ ಬಡ್ತಿ ಪಡೆದು ಹೋದ ನಿಮ್ಮ ಗವರ್ನರು ನಮ್ಮೂರಿನ ತಿಮಿಂಗಿಲದ ಹಲ್ಲನ್ನೂ ಕೊಂಡೊಯ್ದಿದ್ದಾರೆ. ಒಯ್ಯಲಿ, ಅದು ನಾವೇ ಕೊಟ್ಟದ್ದು. ಆದರೆ ಅದರ ಜೊತೆಗೆ ಒಪ್ಪಿಕೊಂಡ ಮಾತನ್ನು ಇಲ್ಲೇ ಬಿಟ್ಟುಹೋಗಿದ್ದಾರೆ.

ಅವರ ವೃತ್ತಿಜೀವನದ ಬಗ್ಗೆ ನನಗೆ ಅಪಾರ ಗೌರವವಿದೆ. ಆಫ್ರಿಕದಲ್ಲಿ ದಂಗೆ ಎಬ್ಬಿಸಿದರು, ಬಡ್ತಿ ಸಿಕ್ಕಿತು. ವೆಸ್ಟ್ ಇಂಡೀಸಿನಲ್ಲಿ ಖಜಾನೆ ಬರಿದು ಮಾಡಿದರು, ಬಿರುದು ಬಂತು. ನಮ್ಮಲ್ಲಿ ಏನೂ ಮಾಡಲಿಲ್ಲವಾದ್ದರಿಂದ ಇನ್ನೂ ದೊಡ್ಡ ದ್ವೀಪವೇ ಸಿಕ್ಕಿದೆ. ನನ್ನ ಶಾಲೆಯಲ್ಲಿ ನಪಾಸಾದವನು ಅದೇ ತರಗತಿಯಲ್ಲಿ ಕೂರುತ್ತಾನೆ. ನೀವು ಅಂಥವನನ್ನು ಹಡಗು ಹತ್ತಿಸಿ ಮೇಲಿನ ತರಗತಿಗೆ ಕಳಿಸುತ್ತೀರಿ.

ಸಕ್ಕರೆ ಕಂಪನಿಗೆ ಹಡಗುಕಟ್ಟೆ ಬೇಕೆಂದು, ಹೊಳೆಬಾಯಲ್ಲಿರುವ ನಮ್ಮೂರು ವಾಯ್‌ಸೋಸೋವನ್ನು ಗುಡ್ಡಕ್ಕೆ ಎತ್ತಿಡಲು ಆಜ್ಞೆಯಾಯಿತು. ಆ ಗವರ್ನರು ಬಂದಾಗ ಇಲಾಯ್ತಿಯ ಎಂಬ ನಮ್ಮ ಮುಖಂಡ ಚಾಪೆಯ ಮೇಲೆ ಕೂತು, ಹಲ್ಲನ್ನು ಎರಡೂ ಕೈಯಲ್ಲಿ ಚಾಚಿ, "ನಮ್ಮನ್ನ ಎಬ್ಬಿಸ್ಬ್ಯಾಡಿ ದೊರೆ, ನಮ್ಮ ಹಿರೀಕರು ಇಲ್ಲೇ ಮಲಗವ್ರೆ" ಅಂದ. ಇಂಗ್ಲಿಷಿನಲ್ಲಿ ತಿಳಿಸಿದವನು ನಾನೇ. ಹಲ್ಲನ್ನು ತೆಗೆದುಕೊಂಡರೆ ಕೋರಿಕೆಗೆ ಒಪ್ಪಿದಂತೆ, ಮನಸ್ಸಿಲ್ಲದಿದ್ದರೆ ಮುಟ್ಟಬಾರದು ಎಂದೂ ಹೇಳಿದೆ. ಅವರು ತೆಗೆದುಕೊಂಡರು. ತಿರುಗಿಸಿ ನೋಡಿ, "ನನ್ನ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತೆ" ಎಂದು ಹೆಂಡತಿಗೆ ತೋರಿಸಿದರು. ಊರು ಉಳಿಯಿತೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನ್ನ ಸೋದರತ್ತೆ ಅಕನೀಸಿ ಅತ್ತೇಬಿಟ್ಟಳು.

ಈಗಿನ ಗವರ್ನರು, ಊರು ಎತ್ತಿಡುವ ಆಜ್ಞೆ ರದ್ದಾಗಿಲ್ಲ, ಹಲ್ಲು ಹಿಂದಿನವರ ಸ್ವಂತ ಉಡುಗೊರೆ, ಸರ್ಕಾರಕ್ಕೆ ಸಂಬಂಧವಿಲ್ಲ ಎನ್ನುತ್ತಾರೆ. ಆಜ್ಞೆಗೆ ಸಹಿ ಹಾಕುವಾಗ ರಾಜರ ಕೈ, ಹಲ್ಲು ತೆಗೆದುಕೊಳ್ಳುವಾಗ ಮಾತ್ರ ಸ್ವಂತ ಕೈಯೇ ಸ್ವಾಮಿ?

"ಲೋ ಸೆಮೇಸ, ಇಂಗ್ಲಿಷ್ ಕಲ್ತು ಏನ್ ಕಡ್ದು ಗುಡ್ಡೆ ಹಾಕ್ದೆ?" ಎಂದು ಅತ್ತೆ ಕೇಳಿದಳು.

"ಮಂತ್ರಿಗೇ ಬರೀತಾ ಇದ್ದೀನಿ ಅತ್ತೆ."

"ಬರಿ ಬರಿ. ನಿಮ್ಮಾವನ ಗೋರಿ ಮ್ಯಾಲೆ ಸಕ್ಕರೆ ಮೂಟೆ ಪೇರ್ಸೋದ್ರೊಳ್ಗೆ ಬರ್ದು ಮುಗ್ಸು."

ನನಗೆ ನಾಚಿಕೆಯಾಯಿತು. ನಿಮಗೂ ಸ್ವಲ್ಪ ಆಗಲೆಂದೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಾತು ಮುರಿಯುವವನು ತಾನೇ ಬಂದು, ಚಾಪೆಯ ಮೇಲೆ ಕೂತು, ಹಲ್ಲನ್ನು ಹಿಂದಿರುಗಿಸಬೇಕು. ಅವರನ್ನು ಕಳಿಸಿಕೊಡಿ. ಬೇಕಾದರೆ ಇದನ್ನೂ ಒಂದು ಬಡ್ತಿ ಎಂದು ಕರೆಯಿರಿ. ಅಲ್ಲಿಯವರೆಗೆ ನಮ್ಮ ಮನೆಗಳ ಒಂದು ಕಂಬವೂ ಇಲ್ಲಿಂದ ಏಳುವುದಿಲ್ಲ. ಕಂಪನಿಯವರು ಸೋಮವಾರ ಅಗೆಯಲು ಬರುತ್ತಾರಂತೆ. ಅತ್ತೆ ನಿನ್ನೆಯಿಂದ ಮಾವನ ಗೋರಿಯ ಪಕ್ಕ ಚಾಪೆ ಹಾಸಿ ಕೂತಿದ್ದಾಳೆ. ಇಡೀ ಊರು ಅವಳ ಹಿಂದೆ ಕೂತಿದೆ.

ಇಂತಿ,
ಒಂದಕ್ಷರವೂ ತಪ್ಪದೆ ಅನುವಾದಿಸಿ ಕೆಟ್ಟವನು,
ಸೆಮೇಸ ಮೇಷ್ಟ್ರು, ವಾಯ್‌ಸೋಸೋ
(ನಿಮ್ಮ ನಕ್ಷೆಯಲ್ಲಿ: ಹಡಗುಕಟ್ಟೆ)