ಹಿಂದಿನ ಸೀಟಿನ ಡ್ರೈವರ್

ದ್ವೀಪದ ವಸತಿಗೃಹ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮದುವೆಯ ಮರುದಿನವೇ ಬರೆಯಬೇಕೆಂದಿದ್ದೆ. ಕಾಗದ ಹಿಡಿದು ಕೂತಾಗಲೆಲ್ಲ ಕೈ ಮೊದಲ ಸಾಲು ದಾಟಲಿಲ್ಲ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಅರವತ್ತು ದಾಟಿದವಳು ತನ್ನ ಮದುವೆಯ ಸುದ್ದಿಯನ್ನು ಮಗಳಿಗೆ ಬರೆಯುವುದು ಹೇಗೆಂದು ಯಾರನ್ನು ಕೇಳಲಿ?

ಹಿಂದೆ ಮುಂದೆ ಇಬ್ಬರು ಕೂತು ತುಳಿಯುವ ನಿನ್ನ ಅಪ್ಪನ ಆ ಜೋಡಿ ಸೈಕಲ್ಲನ್ನೂ ಕರೆತಂದಿದ್ದೇವೆ. ಅದನ್ನು ರೈಲು ಹತ್ತಿಸುವುದೇ ದೊಡ್ಡ ಪ್ರಸಂಗವಾಯಿತು. ಗಾರ್ಡ್ ಮೂತಿಯಿಂದ ಬಾಲದವರೆಗೆ ನೋಡಿ, "ಏನಮ್ಮಾ ಇದು, ಸೈಕಲ್ಲೋ ಏಣಿಯೋ?" ಎಂದ.

"ಏಣಿನೇ ಸ್ವಾಮಿ. ನಿಮಗೆ ತಳ್ಳೋಕೆ ಸುಲಭ ಆಗ್ಲಿ ಅಂತ ಚಕ್ರ ಹಾಕಿದೀವಿ," ಎಂದರು ನಮ್ಮವರು.

ಗಾರ್ಡ್ ನಕ್ಕ. ನಕ್ಕರೂ ಮುಂದಿನ ಚಕ್ರ ಬಿಚ್ಚಿಸದೆ ಬಿಡಲಿಲ್ಲ. ಅದನ್ನು ಇವರು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತರು. ಬಸ್ಸು ಓಡಿಸಿಯೇ ತಲೆ ಹಣ್ಣಾದವರು. ರೈಲು ತಿರುವಿಗೆ ಬಂದಾಗಲೆಲ್ಲ ಆ ಚಕ್ರವನ್ನೂ ಒಂದಿಷ್ಟು ತಿರುಗಿಸುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಗು ತಡೆದುಕೊಂಡೆ.

ನಿಲ್ದಾಣದಲ್ಲಿ ಚಕ್ರ ಮತ್ತೆ ಜೋಡಿಸಿ ದೋಣಿಕಟ್ಟೆಗೆ ಸೈಕಲ್ ಮೇಲೆ ಹೋದೆವು. ಮುಂದೆ ನಾನು, ಹಿಂದೆ ಅವರು. ಹಿಂದಿನ ಹ್ಯಾಂಡಲ್ ತಿರುಗುವುದಿಲ್ಲವಲ್ಲ. ಚಿಕ್ಕವಳಿದ್ದಾಗ ನೀನೂ ಅದರ ಜೊತೆ ಜಗಳವಾಡಿದವಳೇ. ಇವರೂ ಸ್ವಲ್ಪ ದೂರ ಗುದ್ದಾಡಿ ಸುಮ್ಮನಾದರು. ಆದರೆ ಕಾಲಿಗೆ ಬುದ್ಧಿ ಬರಬೇಕಲ್ಲ. ದೋಣಿಗೆ ಇಳಿಯುವ ಹಲಗೆಯ ಮೇಲೆ, ಬ್ರೇಕ್ ಎಂದುಕೊಂಡು ಬಲಗಾಲನ್ನು ಬಲವಾಗಿ ಒತ್ತಿದರು. ಸೈಕಲ್ಲಿನಲ್ಲಿ ಪೆಡಲ್ ಒತ್ತಿದರೆ ಏನಾಗುತ್ತದೆ? ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ನೇರ ಹಗ್ಗದ ರಾಶಿಯೊಳಗೆ ಹೋಗಿ ನಿಂತೆವು.

"ಜಾಗ ಬೇಕಾದಷ್ಟಿದೆ, ಇಷ್ಟೊಂದು ಅವಸರ ಯಾಕೆ?" ಎಂದ ದೋಣಿಯವನು. ಆಮೇಲೆ, "ಮುಂದೆ ಯಜಮಾನ್ರು ಕೂತ್ಕೋಬಾರ್ದಾ?"

"ಡ್ರೈವರ್ ಇವ್ರೇ. ನಂದೇನಿದ್ರೂ ಕಂಡಕ್ಟರ್ ಕೆಲಸ," ಎಂದರು ಇವರು, ಬಟ್ಟೆಯ ಧೂಳು ಕೊಡವುತ್ತ.

ಕೋಣೆ ಚಿಕ್ಕದು. ಒಂದು ಕಿಟಕಿ, ಎರಡು ಕುರ್ಚಿ, ಒಗೆದ ಬಟ್ಟೆ ಹರವಲು ಒಂದು ತಂತಿ. ಬೆಳಿಗ್ಗೆ ಅವರು ಕೆಳಗಿನಿಂದ ಚಹಾ ತರುತ್ತಾರೆ. ಅರ್ಧ ತಟ್ಟೆಯಲ್ಲೇ ಚೆಲ್ಲಿರುತ್ತದೆ. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಏನನ್ನೋ ಮುಚ್ಚಿಟ್ಟು ಹೀಗೆ ಬರೆಯುತ್ತಿದ್ದಾಳೆಂದು ತಿಳಿಯಬೇಡ. ನಿಜವಾಗಿಯೂ ಸುಖವಾಗಿದ್ದೇನೆ.

ಭಾನುವಾರ ಮಧ್ಯಾಹ್ನದ ದೋಣಿ ನಿನ್ನ ದಡಕ್ಕೆ ಬರುತ್ತದೆ. ನಾವು ಅದರಲ್ಲಿರುತ್ತೇವೆ. ನೀನು ಕಟ್ಟೆಗೆ ಬಂದರೆ ಸಂತೋಷ. ಬರದಿದ್ದರೆ ಅಲ್ಲಿಂದಲೇ ಸಂಜೆಯ ರೈಲು ಹಿಡಿಯುತ್ತೇವೆ. ಬಾಗಿಲು ತಟ್ಟಿ ನಿನ್ನನ್ನು ಪೇಚಿಗೆ ಸಿಕ್ಕಿಸುವುದಿಲ್ಲ.

ತಣ್ಣಗಿರು ಮಗಳೇ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತಿದ್ದೆ: "ಮದುವೆ ಮಾಡ್ಕೋ ಅಮ್ಮ, ಬೇಡ ಅನ್ನಲ್ಲ. ಆದ್ರೆ ನಾನು ಬರಲ್ಲ. ಅಪ್ಪನ ಸೈಕಲ್ ಮೇಲೆ, ಅಪ್ಪನ ಸೀಟಲ್ಲಿ ಇನ್ನೊಬ್ಬರನ್ನ ನೋಡೋಕೆ ನನ್ನಿಂದ ಆಗಲ್ಲ," ಎಂದು ಆ ದಿನ ಫೋನಿನಲ್ಲಿ ಹೇಳಿದೆಯಲ್ಲ, ಅವರು ಪಕ್ಕದಲ್ಲೇ ಇದ್ದರು. ಕೇಳಿಸಿತ್ತು. ಆ ಮಾತನ್ನು ಈವರೆಗೆ ಎತ್ತಿಲ್ಲ. ಹೊರಡುವ ಬೆಳಿಗ್ಗೆ ಮಾತ್ರ ತಾವಾಗಿಯೇ ಹಿಂದೆ ಹೋಗಿ ಕೂತರು. ನಿನ್ನ ಅಪ್ಪ ಕೂರುತ್ತಿದ್ದ ಮುಂದಿನ ಸೀಟು ನನಗೆ ಎತ್ತರವೆಂದು ತಗ್ಗಿಸಲು ಹೋದೆ. "ಅದು ಅವರ ಎತ್ತರ. ಇರ್ಲಿ ಬಿಡು," ಎಂದರು. ಹಾಗಾಗಿ ಸೈಕಲ್ ನಿಂತಾಗಲೆಲ್ಲ ನನಗೆ ನೆಲ ಎಟಕುವುದಿಲ್ಲ. ಹಿಂದೆ ಅವರು ಎರಡೂ ಕಾಲೂರಿ ಹಿಡಿದುಕೊಂಡಿರುತ್ತಾರೆ.